ಡಬ್ಬಿಯಲ್ಲಿ ಇಲ್ಲದ ಗುಂಡುಗಳು

ಯುವ ಸಹಾಯಕ ಗುರುವಾಗಿ ಕೊಡಗಿನ ಧರ್ಮಕೇಂದ್ರವೊಂದರಲ್ಲಿದ್ದ ದಿನಗಳಲ್ಲಿ ವೃದ್ಧ ಕಾಫಿ ಬೆಳೆಗಾರರೊಬ್ಬರ ಮನೆಗೆ ಆಗಾಗ ಹೋಗುತ್ತಿದ್ದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರುವ ಮುನ್ನ ಅವರು ಪಳಗಿದ ಬೇಟೆಗಾರರು. ಬಂದ ಮೇಲೆ ಕೋವಿಯನ್ನು ಗೋಡೆಗೆ ತೂಗುಹಾಕಿದವರು. ಒಂದು ಮಳೆಗಾಲದ ಸಂಜೆ ಹಳೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ನನ್ನ ಮುಂದೆ ತೆರೆದರು. ಒಳಗೆ ಹತ್ತು ಹನ್ನೆರಡು ಗುಂಡುಗಳು, ಒಂದೊಂದೂ ಅಣಬೆಯಂತೆ ಅರಳಿದ್ದವು.

ಬೇಟೆಯ ಗುಂಡಿನ ಒಡಲು ಸೀಸ, ಹೊದಿಕೆ ತಾಮ್ರ. ಪ್ರಾಣಿಗೆ ತಗುಲಿದೊಡನೆ ಅದರ ತುದಿ ಅರಳಬೇಕು, ಆದರೆ ಚೂರಾಗಬಾರದು. ಅರಳದಿದ್ದರೆ ಸಣ್ಣ ತೂತು ಮಾಡಿ ಹೊರಬೀಳುತ್ತದೆ. ಬೇಗನೆ ಚೂರಾದರೆ ಚರ್ಮದಡಿಯಲ್ಲೇ ಉಳಿಯುತ್ತದೆ. ಎರಡರಲ್ಲೂ ಪ್ರಾಣಿ ನರಳುತ್ತಾ ಓಡಿಹೋಗಬಹುದು.

"ಇವುಗಳಲ್ಲಿ ಯಾವುದನ್ನು ನಂಬುವಿರಿ, ಫಾದರ್?" ಎಂದರು. ಅಂದವಾಗಿ ಅರಳಿದ್ದೊಂದನ್ನು ತೋರಿಸಿದೆ. ಅವರು ನಕ್ಕರು. "ಇವೆಲ್ಲ ಸಿಕ್ಕ ಪ್ರಾಣಿಗಳ ಮೈಯಿಂದ ತೆಗೆದವು. ಸಿಗದೆ ಹೋದ ಪ್ರಾಣಿಯ ಗುಂಡು ಈ ಡಬ್ಬಿಯಲ್ಲಿ ಎಲ್ಲಿದೆ?"

ಸೆಮಿನರಿಯಲ್ಲಿ ತರ್ಕಶಾಸ್ತ್ರ ಓದಿ ಬಂದವನಿಗೆ ಇದು ಹೊಳೆದಿರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಅಮೆರಿಕದ ಜಾನ್ ನಾಸ್ಲರ್ ಎಂಬವರ ವೃತ್ತಾಂತ ಓದಿದಾಗ ಆ ಡಬ್ಬಿ ನೆನಪಾಯಿತು. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಅವರು ಮೂಸ್ ಎಂಬ ಭಾರಿ ಜಿಂಕೆಗೆ ಗುಂಡು ಹಾರಿಸಿದರು. ಅದರ ಮೈಗೆ ಕೆಸರು ಒಣಗಿ ಮೆತ್ತಿಕೊಂಡಿತ್ತು. ವೇಗವಾಗಿ ಬಂದ ಗುಂಡುಗಳು ಒಳಹೊಗದೆ ಹೊರಗೇ ಚೂರಾದವು. ಊರಿಗೆ ಮರಳಿದ ನಾಸ್ಲರ್, ನಡುವೆ ತಾಮ್ರದ ಅಡ್ಡಗೋಡೆಯಿಟ್ಟು ಸೀಸವನ್ನು ಎರಡಾಗಿ ಬೇರ್ಪಡಿಸಿದ ಹೊಸ ಗುಂಡನ್ನು ರೂಪಿಸಿದರು. ಮುಂಭಾಗ ಅರಳುತ್ತದೆ, ಹಿಂಭಾಗ ಒಡೆಯದೆ ಒಳನುಗ್ಗುತ್ತದೆ. ಮರುವರ್ಷ ಅವರೂ ಅವರ ಗೆಳೆಯರೂ ಒಂದೊಂದೇ ಗುಂಡಿಗೆ ಒಂದೊಂದು ಮೂಸ್ ಕೆಡವಿದರು. ನನ್ನ ಮಟ್ಟಿಗೆ ಈ ಎರಡು ಗೆಲುವುಗಳಿಗಿಂತ ಆ ಒಂದು ಸೋಲೇ ಹೆಚ್ಚಿನ ಸಾಕ್ಷ್ಯ. ಪಕ್ಕಕ್ಕೆ ತಿರುಗಿ ಶಾಂತವಾಗಿ ನಿಂತ ಪ್ರಾಣಿಯ ಶ್ವಾಸಕೋಶಕ್ಕೆ ಹೊಡೆದರೆ ಸಾಧಾರಣ ಗುಂಡೂ ಒಳ್ಳೆಯದೆನಿಸುತ್ತದೆ. ಭುಜದ ಮೂಳೆ ಅಡ್ಡಬಂದಾಗಲೇ ಅದರ ಗುಣ ಬಯಲಾಗುವುದು. ನಾಸ್ಲರ್ ಅವರ ಭಾಗ್ಯವೆಂದರೆ, ಸೋತ ಗುಂಡು ಅವರ ಕಣ್ಣಿಗೆ ಬಿತ್ತು.

ನನ್ನ ವೃದ್ಧ ಮಿತ್ರರಿಗೆ ಆ ಭಾಗ್ಯವಿರಲಿಲ್ಲ. ಹೊಸ ಬಗೆಯ ತೋಟಾ ಕೊಂಡ ವರ್ಷ ಮೂರು ಹಂದಿಗಳು ಬಿದ್ದಲ್ಲಿಂದ ಏಳಲಿಲ್ಲವಂತೆ. ಆ ಮೂರರ ಬಲದ ಮೇಲೆ ಅವರು ಎಲ್ಲರಿಗೂ ಅದನ್ನೇ ಹೊಗಳಿದರು. ನಾಲ್ಕನೆಯದು ಒಂದು ಕಡವೆ, ಇಪ್ಪತ್ತು ಹೆಜ್ಜೆಯ ಅಂತರ, ಗುರಿ ಭುಜಕ್ಕೆ. ಅದು ಮುಗ್ಗರಿಸಿ, ಎದ್ದು, ಕಾಡು ಸೇರಿತು. ಎರಡು ದಿನ ಹುಡುಕಿದರು. ಮಳೆ ನೆತ್ತರಿನ ಜಾಡನ್ನು ತೊಳೆದುಹಾಕಿತ್ತು.

"ಗುಂಡು ಒಡೆಯಿತೋ, ನನ್ನ ಕೈ ನಡುಗಿತೋ, ಹೇಳಲು ಆ ಕಡವೆಯೇ ಸಿಗಬೇಕಿತ್ತು" ಎಂದರು. ಮುಚ್ಚಳ ಹಾಕುವ ಮುನ್ನ ಡಬ್ಬಿಯ ತಳದಿಂದ ಕಾಗದದ ಪೊಟ್ಟಣವೊಂದನ್ನು ತೆಗೆದು ತೋರಿಸಿದರು. ಅದರಲ್ಲಿ ಆ ವರ್ಷದ ತೋಟಾಗಳು ಆರು ಉಳಿದಿದ್ದವು. ಅವನ್ನು ಅವರು ಹಾರಿಸಲೂ ಇಲ್ಲ, ಯಾರಿಗೂ ಕೊಡಲೂ ಇಲ್ಲ.