ಮರೆಯಲ್ಲುಳಿದ ಅಂಕಣ

ಹುಟ್ಟೂ ಸಾವೂ ಮನುಷ್ಯನ ಕೈಯಲ್ಲಿಲ್ಲವೆಂದು ಹಿರಿಯರು ಹೇಳುತ್ತಾರೆ. ಅವುಗಳ ದಾಖಲೆ ಮಾತ್ರ ನಿಶ್ಚಯವಾಗಿ ಗುಮಾಸ್ತರ ಕೈಯಲ್ಲಿದೆ. ಮಗುವಿಗೆ ಹೆಸರಿಡುವ ಮೊದಲೇ ಅದು ಗಂಡೋ ಹೆಣ್ಣೋ, ಯಾರ ಸಂತಾನ, ಎಲ್ಲಿ ಹುಟ್ಟಿತು ಎಂಬುದೆಲ್ಲ ಅಲ್ಲಿ ಬರಹಕ್ಕಿಳಿಯಬಹುದು. ಚಿತ್ರಗುಪ್ತನ ಕಡತವನ್ನು ಕಂಡು ಬಂದವರಿಲ್ಲ. ನಗರಸಭೆಯ ಕಡತದಲ್ಲಿ ಹುಡುಕಿಸುವುದಕ್ಕೆ ಒಂದು ಅರ್ಜಿಯೂ ಸ್ವಲ್ಪ ಶುಲ್ಕವೂ ಸಾಕು.

ಇದು ಉತ್ಪ್ರೇಕ್ಷೆಯಲ್ಲ. 1969ರ ಜನನ ಮರಣ ನೋಂದಣಿ ಅಧಿನಿಯಮದ 17ನೆಯ ಪ್ರಕರಣದಂತೆ ಯಾವ ವ್ಯಕ್ತಿಯಾದರೂ, ನಿಯಮಗಳಿಗೊಳಪಟ್ಟು, ಯಾರ ಜನನ ಮರಣಗಳ ದಾಖಲೆಯನ್ನಾದರೂ ಹುಡುಕಿಸಿ ಪತ್ರ ಪಡೆಯಬಹುದು. ಖಾತೆ ಬದಲಾಯಿಸಬೇಕಾದವರಿಗೂ ವಿಮೆಯ ಹಣಕ್ಕೆ ಕಾದಿರುವ ವಿಧವೆಗೂ ಆ ಪತ್ರವೇ ಆಧಾರ. ಆದರೆ ಅದೇ ಪ್ರಕರಣಕ್ಕೆ ಒಂದು ಬಾಲವಿದೆ: ಹಾಗೆ ಕೊಡುವ ಮರಣಪತ್ರದಲ್ಲಿ ಸಾವಿನ ಕಾರಣವನ್ನು ತಿಳಿಸಕೂಡದು. ಇಂಗ್ಲೆಂಡಿನಲ್ಲಿ ಹೀಗಲ್ಲ, ಅಲ್ಲಿ ಹಣ ತೆತ್ತ ಅಪರಿಚಿತನಿಗೂ ಕಾರಣಸಹಿತವಾದ ಪ್ರತಿ ದೊರೆಯುತ್ತದೆ.

ಈ ಬಾಲದ ಬೆಲೆಯನ್ನು ನಾನು ಕಂಡದ್ದು ನಮ್ಮ ಬಂಧುಗಳ ಮನೆಯ ಒಂದು ಮದುವೆಯಲ್ಲಿ. ಜಾತಕ ಕೂಡಿತ್ತು, ವರನು ಒಪ್ಪಿದ್ದನು. ವರನ ಸೋದರಮಾವನಿಗೆ ಮಾತ್ರ ಒಂದು ಸಂದೇಹ: ಹುಡುಗಿಯ ತಂದೆ ನಲವತ್ತು ತುಂಬುವ ಮುನ್ನವೇ ತೀರಿಕೊಂಡದ್ದು ಏತರಿಂದ? ಕೇಳಲು ಸಂಕೋಚ, ಬಿಡಲು ಮನಸ್ಸಿಲ್ಲ. ಆತ ನೋಂದಣಿ ಕಚೇರಿಗೆ ಹೋಗಿ ಮರಣಪತ್ರವನ್ನೇ ತಂದನಂತೆ. ಹೆಸರಿತ್ತು, ದಿನಾಂಕವಿತ್ತು, ಸ್ಥಳವಿತ್ತು, ಮೊಹರೂ ಇತ್ತು. ಬೇಕಾದದ್ದೊಂದು ಇರಲಿಲ್ಲ. ಮದುವೆಯ ಊಟದ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲಿ ಕುಳಿತು ಆತನೇ ನಗುತ್ತ ಇದನ್ನು ಹೇಳಿದ. ಆ ಕಾರಣವನ್ನು ನಾನೂ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಸ್ವತ್ತಲ್ಲ.

ಅದು ಯಾರ ಸ್ವತ್ತೋ ಆಕೆ ನಿಶ್ಚಿತಾರ್ಥಕ್ಕೆ ಮೊದಲೇ ವರನನ್ನು ಕರೆದು ತಂದೆಯ ಕಾಯಿಲೆಯನ್ನೂ, ಕೊನೆಯ ತಿಂಗಳುಗಳಲ್ಲಿ ತಾಯಿ ಮಾಡಿದ ಶುಶ್ರೂಷೆಯನ್ನೂ ವಿವರಿಸಿದ್ದಳು. ಕಚೇರಿಯ ಕಾಗದದಿಂದ ಬಂದಿದ್ದರೆ ಆ ಸಂಗತಿ ಬರಿಯ ಒಂದು ರೋಗದ ಹೆಸರಾಗಿರುತ್ತಿತ್ತು. ಮಗಳ ಬಾಯಿಂದ ಬಂದದ್ದರಿಂದ ಒಂದು ಸಂಸಾರದ ಕಥೆಯಾಯಿತು.

ನಿಜವನ್ನು ಮುಚ್ಚಿಡುವುದು ಸರಿಯೆ ಎಂದು ನೀವು ಕೇಳಬಹುದು. ಇಲ್ಲಿ ನಿಜಕ್ಕೆ ನಷ್ಟವೇನೂ ಇಲ್ಲ. ವೈದ್ಯರು ಬರೆದುಕೊಟ್ಟ ಕಾರಣ ಸರ್ಕಾರದ ಲೆಕ್ಕಕ್ಕೆ ಸೇರುತ್ತದೆ; ಯಾವ ಬೇನೆ ಎಷ್ಟು ಜನರನ್ನು ಕೊಂಡೊಯ್ದಿತೆಂದು ತಿಳಿಯುವುದು ಅದರಿಂದಲೇ. ಆ ಲೆಕ್ಕದಲ್ಲಿ ಕಾರಣವಿರುತ್ತದೆ, ಹೆಸರಿರುವುದಿಲ್ಲ. ನೆರೆಯವನ ಕೈಗೆ ಬರುವ ಪತ್ರದಲ್ಲಿ ಹೆಸರಿರುತ್ತದೆ, ಕಾರಣವಿರುವುದಿಲ್ಲ. 2023ರ ತಿದ್ದುಪಡಿಯು ಊರೂರಿನ ದಾಖಲೆಗಳನ್ನು ರಾಷ್ಟ್ರಮಟ್ಟದ ಗಣಕಸಂಗ್ರಹದಲ್ಲಿ ಕೂಡಿಸಲು ಏರ್ಪಾಡು ಮಾಡಿದೆ. ಕಡತವು ಕಚೇರಿಯ ಬೀರುವನ್ನು ಬಿಟ್ಟು ಹೊರಟ ಮೇಲೆ ಈ ಒಂದು ಅಂಕಣದ ಮರೆ ಮೊದಲಿಗಿಂತ ಹೆಚ್ಚು ಬೇಕು.

ಒಬ್ಬನು ನಮ್ಮ ನಡುವೆ ಇದ್ದನೆಂಬುದು ಊರಿಗೆಲ್ಲ ಸೇರಿದ ಮಾತು. ಹೇಗೆ ಹೋದನೆಂಬುದನ್ನು ಹೇಳುವ ಹಕ್ಕು ಅವನಿಗಾಗಿ ಅತ್ತವರದು.