ಖಾಲಿಯಾದ ಹಾಸಿಗೆ

ಅಕ್ಕ ಆಸ್ಪತ್ರೆಯೊಂದರ ಮಕ್ಕಳ ಐಸಿಯುನಲ್ಲಿ ಸ್ಟಾಫ್ ನರ್ಸ್. ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ನೈಟ್ ಡ್ಯೂಟಿ ಮುಗಿಸಿ ಬಂದವಳು ಸೀದಾ ಬಚ್ಚಲಿಗೆ ಹೋಗಿ ಯೂನಿಫಾರ್ಮ್ ಒಗೆಯತೊಡಗಿದಳು. ನೀರು ತಿಳಿಯಾದ ಮೇಲೂ ಉಜ್ಜುತ್ತಲೇ ಇದ್ದಳು. ಡೆಂಗಿ ಬಂದಿದ್ದ ನಾಲ್ಕು ವರ್ಷದ ಹುಡುಗಿ. "ಹೋಯ್ತು ಕಣೋ" ಎಂದಷ್ಟೇ ಹೇಳಿ ಗೋಡೆ ಕಡೆ ತಿರುಗಿ ಮಲಗಿದಳು.

ಮೂರನೇ ದಿನ ಬಾಯಿಬಿಟ್ಟಳು. ಬಿಪಿ ಹತ್ತು ನಿಮಿಷ ಮೊದಲು ನೋಡಿದ್ದರೆ? ಬೇರೆ ಎರಡು ಮಕ್ಕಳೂ ಅವಳ ಪಾಲಿಗೇ ಇದ್ದವು. ಮೀಟಿಂಗಿನಲ್ಲಿ ಕೇಸ್ ಶೀಟ್ ಪೂರ್ತಿ ಬರೆದಿದೆಯೇ ಎಂದು ಕೇಳಿದರಂತೆ. ನಿದ್ದೆ ಬಂತೇ ಎಂದು ಯಾರೂ ಕೇಳಲಿಲ್ಲ.

ನನ್ನ ಪಿಎಚ್‌ಡಿ ಇರುವುದೇ ಆಸ್ಪತ್ರೆ ಕೆಲಸಗಾರರ ಬಗ್ಗೆ. ಹಾಗಾಗಿ ಸಮಾಧಾನದ ಬದಲು ಮಾಹಿತಿ ಕೊಟ್ಟೆ! 2000ದಲ್ಲಿ ಆಲ್ಬರ್ಟ್ ವೂ ಎಂಬ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ, ಚಿಕಿತ್ಸೆಯಲ್ಲಿ ತಪ್ಪಿ ಒಳಗೊಳಗೇ ಬೇಯುವ ವೈದ್ಯರನ್ನು 'ಎರಡನೇ ಬಲಿಪಶು' ಎಂದು ಕರೆದಿದ್ದರು. ಅಕ್ಕ ಎದ್ದು ಕೂತಳು. "ಅದರ ತಾಯಿ ಕಾರಿಡಾರಿನಲ್ಲೇ ಕೂತಿದ್ಲು. ಅವಳೆದುರು ನಾನೂ ಬಲಿಪಶು ಅಂತ ನಿಂತ್ಕೊಳ್ಳಲಾ?" 2019ರಲ್ಲಿ, ಇಂಥ ತಪ್ಪುಗಳಿಂದ ತಮ್ಮವರನ್ನು ಕಳೆದುಕೊಂಡವರು ಅದೇ ಜರ್ನಲ್‌ನಲ್ಲಿ ಈ ಪದವನ್ನೇ ಬಿಡಿ ಎಂದು ಬರೆದಿದ್ದರು. ಅಕ್ಕ ಅದನ್ನು ಓದಿದವಳಲ್ಲ.

ನಾನು ಸುಮ್ಮನಾಗಬೇಕಿತ್ತು. ಬದಲಿಗೆ ಅಮೆರಿಕದ ವರ್ಜೀನಿಯಾದ ನರ್ಸ್ ಜೊನಾಥನ್ ಬಾರ್ಟೆಲ್ಸ್ ಶುರುಮಾಡಿದ ಪದ್ಧತಿ ಹೇಳಿದೆ. ರೋಗಿ ತೀರಿಕೊಂಡಾಗ ತಂಡದವರೆಲ್ಲ ಹಾಸಿಗೆಯ ಸುತ್ತ ಒಂದಿಷ್ಟು ಹೊತ್ತು ಮೌನವಾಗಿ ನಿಲ್ಲುವುದು, ಅಷ್ಟೇ.

"ನಮ್ಮಲ್ಲಿ ಅಷ್ಟರಲ್ಲಿ ಇನ್ನೊಂದು ಮಗು ಬಂದಿರತ್ತೆ" ಎಂದಳು. ತುಸು ತಡೆದು, "ಆವತ್ತು ಹಾಸಿಗೆ ಒರೆಸೋಕೆ ಬಂದ ಆಯಮ್ಮ ಬಟ್ಟೆ ಹಿಡ್ಕೊಂಡು ಸುಮ್ನೆ ನಿಂತ್ಲು. ನಾನೂ ನಿಂತೆ. ಆಮೇಲೆ ಅವಳೇ ನನ್ನ ಕೈ ಹಿಡಿದು ಸಿಂಕಿನ ಹತ್ರ ಕರ್ಕೊಂಡ್ಹೋದ್ಲು."

"ಅವರನ್ನ ಯಾರು ಕರ್ಕೊಂಡ್ಹೋದ್ರು?"

ಅಕ್ಕ ಮಾತಾಡಲಿಲ್ಲ. ಆ ರಾತ್ರಿ ನನ್ನ ಸಂದರ್ಶನದ ಪಟ್ಟಿ ತೆಗೆದು ನೋಡಿದೆ. ವೈದ್ಯರಿದ್ದರು, ನರ್ಸುಗಳಿದ್ದರು. ಗುತ್ತಿಗೆಯ ಮೇಲೆ ದುಡಿಯುವ ಆಯಾ ಒಬ್ಬರೂ ಇರಲಿಲ್ಲ. ಗೈಡ್ ಕೂಡ ಕೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಮುಂದಿನ ವಾರ ಹೋದೆ. ಮೆಟ್ಟಿಲ ಕೆಳಗೆ, ಬಕೆಟ್ಟುಗಳ ನಡುವೆ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದರು. ಆ ಹುಡುಗಿಯ ಬಗ್ಗೆ ಕೇಳಿದಾಗ ಡಬ್ಬಿಯ ಮುಚ್ಚಳವನ್ನು ಮತ್ತೆ ಹಾಕಿ, "ಮೊದಲು ಅದನ್ನ ಆಫ್ ಮಾಡಪ್ಪ" ಎಂದು ರೆಕಾರ್ಡರ್ ತೋರಿಸಿದರು.

ಆಫ್ ಮಾಡಿದೆ.