ಮೆಲುದನಿಗೊಂದು ದುಬಾರಿ ಮೈಕು

ನಮ್ಮ ಕಡೆ ಮೈಕು ಅಂದರೆ ಗದ್ದಲ ಅಂತಲೇ ಅರ್ಥ. ಗಣೇಶನ ಪೆಂಡಾಲು, ಆರ್ಕೆಸ್ಟ್ರಾ, ಎಲೆಕ್ಷನ್ ಆಟೋ, "ಹಲೋ ಹಲೋ ಮೈಕ್ ಟೆಸ್ಟಿಂಗ್"... 'ಮೈಕಾಸುರ' ಅಂತ ಹೆಸರಿಟ್ಟ ಪುಣ್ಯಾತ್ಮರಿಗೊಂದು ನಮಸ್ಕಾರ. ಆದರೆ ಪಾಪ, ಗದ್ದಲ ಮಾಡೋದು ಆಂಪ್ಲಿಫೈಯರು ಮತ್ತು ಸ್ಪೀಕರು. ಮೈಕಿನ ಕೆಲಸ ಸುಮ್ಮನೆ ಕೇಳಿಸಿಕೊಳ್ಳೋದು, ಅಷ್ಟೇ.

ಈ ಮಾತು ಈಗ್ಯಾಕೆ ಅಂದರೆ, ಹೋದ ತಿಂಗಳು ನಾನೊಂದು ನಾಯ್ಮನ್ ಟಿಎಲ್‌ಎಂ 103 ಮೈಕು ತಗೊಂಡೆ. ಬರ್ಲಿನ್ನಿನಲ್ಲಿ 1928ರಲ್ಲಿ ಶುರುವಾದ ಕಂಪನಿ. ದೊಡ್ಡ ದೊಡ್ಡ ಸ್ಟುಡಿಯೋಗಳಲ್ಲಿ ಕಾಣುವ ಹೆಸರು. ನನ್ನ 'ಸ್ಟುಡಿಯೋ' ಅಂದರೆ ಹತ್ತಡಿ ಹನ್ನೊಂದಡಿಯ ಮಲಗುವ ಕೋಣೆ, ಒಂದು ಲ್ಯಾಪ್‌ಟಾಪು, ಎರಡು ಮೈಕು ಸಿಕ್ಕಿಸಬಹುದಾದ ಸಣ್ಣ ಆಡಿಯೋ ಇಂಟರ್‌ಫೇಸು, ಪುಕ್ಕಟೆ ಸಿಗುವ ಆಡಾಸಿಟಿ ಸಾಫ್ಟ್‌ವೇರು. ಅಮ್ಮನ ಕಸೂತಿ ರಿಂಗಿಗೆ ಹಳೇ ನೈಲಾನ್ ಕಾಲುಚೀಲ ಬಿಗಿದದ್ದು ಪಾಪ್ ಫಿಲ್ಟರ್. ಪ, ಫ, ಭ ಅನ್ನುವಾಗ ಬಾಯಿಂದ ನುಗ್ಗುವ ಗಾಳಿಯನ್ನು ಅದು ತಡೆಯುತ್ತದೆ. ಬಿಲ್ಲು ನೋಡಿದ ಅಮ್ಮ, "ಈ ದುಡ್ಡಿಗೆ ಸ್ಕೂಟರ್ ಬರ್ತಿತ್ತಲ್ಲೋ" ಅಂದಳು. ಬರ್ತಿತ್ತು, ನಿಜ.

ಇದೆಲ್ಲ ಅಜ್ಜಿಯ ಹಾಡುಗಳಿಗಾಗಿ. ತೀರ್ಥಹಳ್ಳಿ ಕಡೆಯವಳು. ವಯಸ್ಸು 84. ಮೂರು ವರ್ಷದಿಂದ ಅಜ್ಜನ ಜೊತೆ ನಮ್ಮ ಬೆಂಗಳೂರಿನ ಮನೆಯಲ್ಲೇ ಇದ್ದಾಳೆ. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಗರನ್ನು ಗೇಲಿ ಮಾಡುವ ಹಾಡು, ಬೀಸುವಾಗಿನ ಹಾಡು, ಹೀಗೆ ಐವತ್ತು ಅರವತ್ತಾದರೂ ಅವಳ ಬಾಯಲ್ಲಿವೆ. ಅಮ್ಮನಿಗೆ ಹತ್ತು ಬಂದರೆ ಹೆಚ್ಚು. ನನಗೆ ಒಂದೂ ಪೂರ್ತಿ ಬರೋದಿಲ್ಲ. ಎಲ್ಲೂ ಬರೆದಿಟ್ಟಿಲ್ಲ. ಅಜ್ಜಿಯ ದನಿ ಈಗ ಬಹಳ ಸಣ್ಣಗಾಗಿದೆ. ಸೊಲ್ಲು ಚೆನ್ನಾಗಿ ಎತ್ತಿಕೊಳ್ಳುತ್ತಾಳೆ, ಕೊನೆಗೆ ಬರುವಷ್ಟರಲ್ಲಿ ಉಸಿರು ಮುಗಿದು ಕಡೆಯ ಎರಡು ಪದ ಗಾಳಿಯಲ್ಲಿ ಕರಗಿಹೋಗುತ್ತವೆ.

ಮೊದಲಿದ್ದದ್ದು ಐದಾರು ಸಾವಿರದ ಕಂಡೆನ್ಸರ್ ಮೈಕು. ನನ್ನ ಮಾತಿಗೆ, ಗೆಳೆಯನ ಗಿಟಾರಿಗೆ ಬೇಕಾದಷ್ಟಾಯಿತು. ಅಜ್ಜಿಯ ದನಿಗೆ ಗೇನ್ ಏರಿಸಿದರೆ ಮಾತ್ರ ಹಿಂದುಗಡೆ ಮಳೆ ಸುರಿದ ಹಾಗೆ 'ಸುಯ್' ಅನ್ನೋ ಶಬ್ದ. ಪ್ರತಿ ಮೈಕಿಗೂ ತನ್ನದೇ ಆದ ಒಂದು ಸದ್ದಿರುತ್ತದೆ. ಸೆಲ್ಫ್ ನಾಯ್ಸ್ ಅಂತಾರೆ. ಹಳೆಯದರಲ್ಲಿ ಅದು 20 ಡೆಸಿಬೆಲ್, ಟಿಎಲ್‌ಎಂ 103ರಲ್ಲಿ 7. ಹದಿಮೂರೇ ತಾನೇ ಅನ್ನಬೇಡಿ. ಡೆಸಿಬೆಲ್ ಲಾಗರಿದಮ್ ಲೆಕ್ಕ, ಶಕ್ತಿಯಲ್ಲಿ ಸುಮಾರು 20 ಪಟ್ಟು ವ್ಯತ್ಯಾಸ. ಗಟ್ಟಿಯಾಗಿ ಹಾಡುವವರಿಗೆ ಇದರಿಂದ ದೊಡ್ಡ ಲಾಭವೇನಿಲ್ಲ. ಮೆಲ್ಲಗೆ ಹಾಡುವವರಿಗೆ ಇದೆ.

ಇಲ್ಲೊಂದು ಹಳೇ ಕಥೆ ಹೇಳಬೇಕು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಾಗ ಮೈಕೇ ಇರಲಿಲ್ಲ. ದೊಡ್ಡ ಕಹಳೆಯಂಥ ಕೊಳವೆಯೊಳಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ದನಿಯ ಬಲವೇ ಸೂಜಿಯನ್ನು ಅಲುಗಿಸಿ ಮೇಣದ ಮೇಲೆ ಗೆರೆ ಕೊರೆಯಬೇಕು. ಆಕೆ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡಳು. ಅಷ್ಟರಲ್ಲಿ ಕಾಲ ಬದಲಾಗಿತ್ತು. ಅಮೆರಿಕದಲ್ಲಿ ವೆಂಟೆ ಅನ್ನುವವರು 1916ರಲ್ಲೇ ಕಂಡೆನ್ಸರ್ ಮೈಕು ಮಾಡಿದ್ದರು, 1925ರಿಂದ ರೆಕಾರ್ಡುಗಳಿಗೂ ಮೈಕು ಬಂತು. ಕಿವಿಯಲ್ಲಿ ಪಿಸುಗುಟ್ಟಿದ ಹಾಗೆ ಹಾಡುವವರ ದನಿಯೂ ತಟ್ಟೆಯ ಮೇಲೆ ಉಳಿಯತೊಡಗಿದ್ದು ಆಮೇಲೆಯೇ. ಕೊಳವೆಯ ಕಾಲದಲ್ಲಿ ನಮ್ಮಜ್ಜಿಯಂಥವರು ಹಾಡಿದ್ದರೆ ಒಂದು ಗೆರೆಯೂ ಮೂಡುತ್ತಿರಲಿಲ್ಲ.

ಸರಿ, ಹೊಸ ಮೈಕು ಬಂತು. ಇಂಟರ್‌ಫೇಸಿನಲ್ಲಿ 48 ವೋಲ್ಟಿನ ಗುಂಡಿ ಒತ್ತಿ ಹೆಡ್‌ಫೋನ್ ಹಾಕಿಕೊಂಡೆ. ಆಹಾ... ಕೇಳಿಸಿದ್ದು ನಮ್ಮನೆ! ಫ್ಯಾನಿನ ಕಟಕಟ, ಫ್ರಿಜ್ಜಿನ ಗುಂಯ್, ಯುಪಿಎಸ್‌ನ ಗುನುಗು, ಮೇಲ್ಮನೆಯವರ ಕುಕ್ಕರಿನ ಮೂರನೇ ಸೀಟಿ, ರಿಂಗ್ ರೋಡಿನ ಲಾರಿ. ಮೊಬೈಲಿನ ಆಪ್ ಕೋಣೆಯ ಸದ್ದನ್ನು 40 ಡೆಸಿಬೆಲ್ ಆಸುಪಾಸು ಅಂತ ತೋರಿಸಿತು. ಆ ಆಪುಗಳ ಲೆಕ್ಕ ಪಕ್ಕಾ ಅಲ್ಲ, ಆದರೂ ವಿಷಯ ಗೊತ್ತಾಗುತ್ತದೆ. ಕೋಣೆಯೇ 40ರಲ್ಲಿ ಗುಂಯ್‌ಗುಡುವಾಗ ಮೈಕಿನದು 7 ಆದರೇನು, 20 ಆದರೇನು? ದುಬಾರಿ ಮೈಕಿನ ಜೊತೆ ಮೌನವನ್ನೂ ನಾವೇ ಹೊಂದಿಸಬೇಕು. ಅದು ಡಬ್ಬದಲ್ಲಿ ಬರೋದಿಲ್ಲ. ಊರಿಗೆ ಹೋಗೋಣವೆಂದರೆ ಮಲೆನಾಡಿನ ಜೀರುಂಡೆಗಳ ಮುಂದೆ ಬೆಂಗಳೂರೇ ವಾಸಿ :)

ಹಾಗಾಗಿ ನಮ್ಮ ರೆಕಾರ್ಡಿಂಗ್ ಈಗ ಬೆಳಗಿನ ಜಾವ ನಾಲ್ಕೂವರೆಗೆ. ಅಜ್ಜಿ ಹೇಗೂ ಆ ಹೊತ್ತಿಗೆ ಎದ್ದಿರುತ್ತಾಳೆ. ಫ್ಯಾನ್ ಬಂದ್, ಫ್ರಿಜ್ಜಿನ ಪ್ಲಗ್ ಕಿತ್ತಿಟ್ಟಾಯ್ತು, ಲ್ಯಾಪ್‌ಟಾಪು ಬಾಗಿಲಾಚೆ. ಗೋಡೆಯ ಮಾರ್ದನಿ ತಿನ್ನಲಿ ಅಂತ ಎರಡು ಕಡೆ ಹಾಸಿಗೆ ನಿಲ್ಲಿಸಿ, ಬೀರುವಿಗೆ ಕಂಬಳಿ ಹೊದಿಸುತ್ತೇನೆ. ಮೈಕು ಅಜ್ಜಿಯ ಬಾಯಿಂದ ಒಂದು ಗೇಣು. ದೂರ ಅರ್ಧವಾದರೆ ದನಿ 6 ಡೆಸಿಬೆಲ್ ಏರುತ್ತದೆ, ಕೋಣೆಯ ಗದ್ದಲ ಇದ್ದಷ್ಟೇ ಇರುತ್ತದೆ. ಇದಕ್ಕೆ ಕಾಸು ಬೇಡ.

ಉಳಿದದ್ದು ಬಳೆ. ಅಜ್ಜಿ ತೊಡೆಯ ಮೇಲೆ ತಾಳ ಹಾಕಿಕೊಂಡೇ ಹಾಡೋದು, ಪ್ರತಿ ತಾಳಕ್ಕೂ ಗಾಜಿನ ಬಳೆ ಘಲ್ ಅನ್ನುತ್ತದೆ. ಅಜ್ಜ ಎದುರಿಗೇ ಕೂತಿರುವಾಗ ಬಳೆ ತೆಗಿ ಅನ್ನೋಕಾಗುತ್ತದೆಯೇ? ತಾಳ ಬೇಡ ಅಂದರೆ ಹಾಡೇ ಮರೆತುಹೋಗುತ್ತದೆ. ಇರಲಿ ಬಿಡಿ, ಬಳೆಯೂ ಹಾಡಿನದೇ ಭಾಗ.

ಮೊದಲ ದಿನದ ಹಾಡನ್ನು ಹೆಡ್‌ಫೋನಿನಲ್ಲಿ ಕೇಳಿಸಿದೆ. ಅಜ್ಜಿ ಕಣ್ಣು ಮುಚ್ಚಿ ಪೂರ್ತಿ ಕೇಳಿ, "ಎಂತದೋ ಅಪ್ಪಿ, ಎರಡನೇ ನುಡಿಯಲ್ಲಿ ಒಂದು ಸೊಲ್ಲು ಬಿಟ್ಟಿದೀನಲ್ಲ, ಇನ್ನೊಂದ್ಸಲ ಹೇಳ್ತೀನಿ ತಡಿ" ಅಂದಳು. ಹಳೇ ರೆಕಾರ್ಡಿಂಗಿನಲ್ಲಿ ಇದು ಯಾರಿಗೂ ಗೊತ್ತೇ ಆಗಿರಲಿಲ್ಲ. ಈಗ ಸೊಲ್ಲಿನ ಕೊನೆಯ ಪದಗಳು ಉಸಿರಿನ ಜೊತೆಗೇ ಕೇಳಿಸುತ್ತವೆ. ಅಮ್ಮ ಪಕ್ಕದಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಾಳೆ. ಸ್ಕೂಟರಿನ ಮಾತು ನಿಂತಿದೆ.

ಇಲ್ಲಿಯವರೆಗೆ 17 ಹಾಡು ಆಗಿವೆ. ಚಳಿ ಹೆಚ್ಚಿದ ದಿನ ಅಜ್ಜಿಗೆ ಕೆಮ್ಮು, ಅವತ್ತು ರಜೆ. ಮೈಕು ಒಳ್ಳೆಯದಾದಷ್ಟೂ ಅವಳ ದನಿಯ ನಡುಕವೂ ಸ್ಪಷ್ಟ. ಮೊದಲ ವಾರಕ್ಕೂ ಈ ವಾರಕ್ಕೂ ಇರುವ ವ್ಯತ್ಯಾಸ ನನಗೆ ಕೇಳಿಸುತ್ತದೆ. ಅದನ್ನು ಕಡಿಮೆ ಮಾಡುವ ಗುಂಡಿ ಯಾವ ಸಾಫ್ಟ್‌ವೇರಿನಲ್ಲೂ ಇಲ್ಲ. ಅದಕ್ಕೇ ಅವಸರ.

ನಿಮ್ಮನೆಯಲ್ಲೂ ಹಾಡುವವರು ಯಾರಾದರೂ ಇದ್ದರೆ ದುಬಾರಿ ಮೈಕಿಗೆ ಕಾಯಬೇಡಿ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಮೊಬೈಲನ್ನು ಬಾಯಿಗೆ ಒಂದು ಗೇಣು ದೂರದಲ್ಲಿ ದಿಂಬಿನ ಮೇಲಿಟ್ಟು ಈ ಭಾನುವಾರವೇ ಒಂದು ಹಾಡು ಹೇಳಿಸಿ. ಸೊಲ್ಲಿನ ಕೊನೆಯ ಪದ ಕೇಳಿಸದಿದ್ದರೆ ಅಲ್ಲೇ ಕೇಳಿ ಬರೆದುಕೊಳ್ಳಿ. ಆಮೇಲೆ ಮೈಕಿನ ವಿಚಾರ ಮಾತಾಡೋಣ, ಏನಂತೀರಿ?